ಬೀಗರು ಬಂದ ದಿನ ಬಾಯಿಗೆ ಬೀಗ

ಹೈಸ್ಕೂಲಿನಲ್ಲಿ ಇಡೀ ಆಯುಷ್ಯ ಕನ್ನಡ ಪಾಠ ಮಾಡಿ ನಿವೃತ್ತಳಾದ ನನಗೆ ಮಾತಿನ ವಿಷಯದಲ್ಲಿ ಯಾರೂ ಬುದ್ಧಿ ಹೇಳಬೇಕಾದ ಅಗತ್ಯವಿಲ್ಲ ಎಂಬುದು ನನ್ನ ದೃಢ ನಂಬಿಕೆಯಾಗಿತ್ತು. ಮಗಳು ರಕ್ಷಿತಾಳ ನಂಬಿಕೆ ಬೇರೆ. ಅವಳಿಗೆ ಬಂದ ಎರಡು ಸಂಬಂಧಗಳು ನನ್ನ ಬಾಯಿಯಿಂದಲೇ ತಪ್ಪಿಹೋದವು ಎಂದು ಆರೋಪ. ಮೊದಲನೆಯ ಹುಡುಗನ ವ್ಯಾಕರಣದ ತಪ್ಪನ್ನು ನಾನು ತಿದ್ದಿದ್ದು ನಿಜ. ಎರಡನೆಯವನದ್ದು ಒಂದೇ ತಪ್ಪಲ್ಲ, ಹಾಗಾಗಿ ಸ್ವಲ್ಪ ಸಮಯ ಹಿಡಿಯಿತು!

"ಅಮ್ಮ, ಕಡಬದಿಂದ ಹುಡುಗನ ಕಡೆಯವರು ಬರುವಾಗ ನೀನು ಎಂತದೂ ಮಾತಾಡ್ಬೇಡ. ನನಗೆ ಈ ಹುಡುಗ ಇಷ್ಟ ಉಂಟು" ಎಂದು ರಕ್ಷಿತಾ ಕಣ್ಣಲ್ಲಿ ನೀರು ತುಂಬಿಕೊಂಡು ಹೇಳಿದಳು. ಒಪ್ಪಿದೆ. ಒಂದು ಮಾತು ಮಾತ್ರ ಆಡಿಯೇ ಆಡುವವಳಿದ್ದೆ: ಮದುವೆ ಪುತ್ತೂರಿನಲ್ಲೇ ಆಗಬೇಕು. ನನ್ನ ಶಿಷ್ಯಸಮೂಹವೆಲ್ಲ ಇಲ್ಲಿರುವಾಗ ಕಡಬಕ್ಕೆ ಯಾಕೆ ಹೋಗಬೇಕು?

ಈ ನಡುವೆ ನನ್ನ ಗೊರಕೆಯ ಪ್ರಕರಣ.

"ಗೊರಕೆ ಹೊಡೆದ್ರೆ ಅಡ್ಡಿಯಿಲ್ಲ ಮಾರಾಯ್ತಿ, ಅದು ನಡುವೆ ನಿಲ್ತದಲ್ಲ, ಉಸಿರೂ ನಿಲ್ತದೆ. ಆಗ ನನಗೆ ಹೆದರಿಕೆ" ಎಂದು ನಮ್ಮವರು ಮಂಗಳೂರಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದರು. ಸ್ಲೀಪ್ ಆಪ್ನಿಯಾ ಎಂದರು. ನಮ್ಮ ಪುತ್ತೂರಿನ ದರ್ಬೆಯ ಹಲ್ಲಿನ ಡಾಕ್ಟರು ನನ್ನ ಹಲ್ಲಿನ ಅಚ್ಚು ತೆಗೆದು ಒಂದು ಸಾಧನ ಮಾಡಿಸಿ ಕೊಟ್ಟರು. ಮೇಲಿನ ಹಲ್ಲಿಗೊಂದು, ಕೆಳಗಿನದಕ್ಕೊಂದು ಕವಚ. ಕೆಳದವಡೆಯನ್ನು ಅದು ಮುಂದಕ್ಕೆ ಎಳೆದು ಹಿಡಿಯುತ್ತದೆ, ಆಗ ಗಂಟಲಲ್ಲಿ ಗಾಳಿಗೆ ದಾರಿಯಾಗುತ್ತದೆ. ಮೊದಲು ಹಗಲಲ್ಲಿ ಸ್ವಲ್ಪ ಹೊತ್ತು ಹಾಕಿ ಅಭ್ಯಾಸ ಮಾಡಿಕೊಳ್ಳಿ ಎಂದರು. ಇನ್ನೂ ಏನೋ ಹೇಳಿದರು. ಅವರು ಅದನ್ನು ಹೇಳುವಾಗ ನಾನು ಅವರ ತಂದೆಯ ಜೊತೆ ಕೆಲಸ ಮಾಡಿದ ಕಥೆ ಹೇಳುತ್ತಿದ್ದೆ.

ಕಡಬದವರು ಸೋಮವಾರ ಸಂಜೆ ಬರುವುದೆಂದು ನಿಶ್ಚಯವಾಗಿತ್ತು. ಬೇಕಾದಷ್ಟು ಸಮಯ ಉಂಟೆಂದು ಮಧ್ಯಾಹ್ನ ಊಟ ಮುಗಿಸಿ ಸಾಧನವನ್ನು ಬಾಯಿಗೆ ಹಾಕಿಕೊಂಡೆ. ಕೈ ತೊಳೆಯುವಷ್ಟರಲ್ಲಿ ಅಂಗಳದಲ್ಲಿ ಕಾರು! ಗಡಿಬಿಡಿಯಲ್ಲಿ ಮುಂದಿನ ಹಲ್ಲಿನ ಹತ್ತಿರ ಹಿಡಿದು ಎಳೆದೆ. ದವಡೆ ಬಂತು, ಸಾಧನ ಬರಲಿಲ್ಲ.

ನಮ್ಮವರ ಹತ್ತಿರ ಓಡಿ "ಬರ್ತಾ ಇಲ್ಲ" ಎಂದೆ. ತುಟಿ ಕೂಡದೆ ಬಂದದ್ದು "ಅರ್ತಾ ಇಲ್ಲ".

"ಎಂತ ಅರ್ಥ ಇಲ್ಲ? ಬೀಗರು ಬೇಗ ಬಂದ್ರು, ಅಷ್ಟೇ ಅಲ್ವಾ?"

ಬಾಯಿ ತೆರೆದು ತೋರಿಸಿದೆ. ನಮ್ಮವರ ಬಾಯಿಯೂ ತೆರೆಯಿತು. ಅಷ್ಟರಲ್ಲಿ ಹುಡುಗನ ತಾಯಿ ಲೀಲಕ್ಕ ಒಳಗೇ ಬಂದಾಗಿತ್ತು.

"ಹೇಗಿದ್ದೀರಿ ಟೀಚರೇ?"

"ಇವಳಿಗೆ ಸೋಮವಾರ ಮೌನವ್ರತ!" ಎಂದರು ನಮ್ಮವರು. ಜೀವನದಲ್ಲಿ ಒಂದು ಸುಳ್ಳು ನೆಟ್ಟಗೆ ಹೇಳಲು ಬಾರದ ಮನುಷ್ಯ!

"ಅಯ್ಯೋ, ಎಷ್ಟು ಒಳ್ಳೇದು! ಟೀಚರಿಗೆ ಮಾತು ಜಾಸ್ತಿ ಅಂತ ಯಾರೋ ಹೇಳಿದ್ರು. ಜನ ಎಂತೆಂತ ಹೇಳ್ತಾರೆ ನೋಡಿ."

ರಕ್ಷಿತಾ ಬಿಸಿಬಿಸಿ ಗೋಳಿಬಜೆ ತಂದಿಟ್ಟಳು. ನಾನು ಕೈ ಚಾಚಿದೆ. "ಉಪವಾಸವೂ ಉಂಟು" ಎಂದು ನಮ್ಮವರು ತಟ್ಟೆ ದೂರ ಸರಿಸಿದರು. ಗೋಳಿಬಜೆಯ ಪರಿಮಳ ಮೂಗಿಗೆ ಬಡಿಯುತ್ತಿದೆ, ಬಾಯಿ ಮುಚ್ಚಲು ಬರುವುದಿಲ್ಲ. ಜೊಲ್ಲು ಸುರಿಯತೊಡಗಿತು! ಸೆರಗನ್ನು ಮುಖಕ್ಕೆ ಒತ್ತಿ ಹಿಡಿದೆ.

ಲೀಲಕ್ಕ ಬಂದು ನನ್ನ ಭುಜ ಸವರಿದರು. "ಅಳ್ಬೇಡಿ ಟೀಚರೇ. ರಕ್ಷಿತಾ ನಮಗೆ ಮಗಳ ಹಾಗೆ." ಅವರೂ ಕಣ್ಣೊರೆಸಿಕೊಂಡರು. ಆಮೇಲೆ ಮೆಲ್ಲಗೆ, "ಮದುವೆ ಕಡಬದಲ್ಲೇ ಮಾಡುವ, ಆಗ್ಬಹುದಲ್ಲ?"

ನಾನು ಸ್ಪಷ್ಟವಾಗಿ, ಖಡಾಖಂಡಿತವಾಗಿ "ಉಹೂಂ" ಎಂದೆ. "ಉ" ಸಾಧನದ ಒಳಗೇ ಉಳಿಯಿತು. "ಹೂಂ" ಹೊರಗೆ ಬಂತು!

"ಒಪ್ಪಿದ್ರು!" ಎಂದರು ಲೀಲಕ್ಕ.

ತಲೆಯನ್ನಾದರೂ ಅಲ್ಲಾಡಿಸೋಣವೆಂದರೆ ಸೆರಗು ಜಾರಿ ಬೀಗರ ಎದುರು ಮಾನ ಹೋಗುವ ಭಯ. ಪೆನ್ನು ಮೇಜಿನ ಮೇಲೆಯೇ ಇತ್ತು, ಬರೆದು ತಿಳಿಸಬಹುದಿತ್ತು. ಆದರೆ ಬಾಗಿಲ ಬಳಿ ನಿಂತಿದ್ದ ರಕ್ಷಿತಾಳ ಮುಖ ನೋಡಿದೆ. ಅವಳು ಅಷ್ಟು ಖುಷಿಯಲ್ಲಿದ್ದದ್ದನ್ನು ನಾನು ಎಷ್ಟೋ ಕಾಲದಿಂದ ನೋಡಿರಲಿಲ್ಲ. ಪೆನ್ನನ್ನು ಮುಟ್ಟಲಿಲ್ಲ.

ಅವರು ಹೋದ ಮೇಲೆ ನಮ್ಮವರು ಡಾಕ್ಟರಿಗೆ ಫೋನ್ ಮಾಡಿದರು. "ಎರಡೂ ಹೆಬ್ಬೆರಳನ್ನು ಹಿಂದಿನ ಹಲ್ಲಿನ ಹತ್ತಿರ ಇಟ್ಟು ಎತ್ತಿ, ಬರ್ತದೆ. ಮೊನ್ನೆಯೇ ಹೇಳಿದ್ದೆನಲ್ಲ ಟೀಚರಿಗೆ?" ಎಂದರಂತೆ. ಹಾಗೇ ಮಾಡಿದೆ. ಟಕ್ ಎಂದು ಬಂತು! ಗೋಳಿಬಜೆ ಮಾತ್ರ ಒಂದೂ ಉಳಿದಿರಲಿಲ್ಲ.

ಮದುವೆ ಕಡಬದಲ್ಲಿ ಚೆನ್ನಾಗಿಯೇ ಆಯಿತು. ನನ್ನ ಗೊರಕೆಯೂ ನಿಂತಿತು, ನಮ್ಮವರು ನೆಮ್ಮದಿಯಾಗಿ ಮಲಗುತ್ತಾರೆ. ಆದರೆ ಲೀಲಕ್ಕ ಈಗ ಪ್ರತಿ ಸೋಮವಾರ ತಪ್ಪದೆ ಫೋನ್ ಮಾಡುತ್ತಾರೆ. "ನೀವು ಮಾತಾಡುದು ಬೇಡ ಟೀಚರೇ, ವ್ರತ ಕೆಡ್ತದೆ. ಕೇಳಿದ್ರೆ ಸಾಕು" ಎಂದು ಶುರು ಮಾಡಿದರೆ ಅನ್ನ ತಳ ಹಿಡಿಯುವವರೆಗೆ ನಿಲ್ಲಿಸುವುದಿಲ್ಲ. ನನ್ನದು ಬರೀ "ಹೂಂ, ಹೂಂ".

ಅದಕ್ಕೆಲ್ಲ ಉತ್ತರ ಕೊಡೋಣವೆಂದು ಮಂಗಳವಾರ ಬೆಳಗಾಗುವುದನ್ನೇ ಕಾದು ನಾನು ಫೋನ್ ಮಾಡುತ್ತೇನೆ. ಅವರು ಎತ್ತುವುದೇ ಇಲ್ಲ. ಕೊನೆಗೆ ರಕ್ಷಿತಾಳನ್ನು ಕೇಳಿದೆ.

"ಅತ್ತೆಗೆ ಈಗ ಮಂಗಳವಾರ ಮೌನವ್ರತ ಅಮ್ಮ" ಎಂದಳು. ನನ್ನನ್ನು ನೋಡಿಯೇ ಶುರು ಮಾಡಿದ್ದಂತೆ!