ಹೆಂಗಸರು ನಾಲ್ಕು

ಶಿರಗುಪ್ಪಿ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಹಾಜರಿ ಕ್ಲಾರ್ಕ್ ಆಗಿದ್ದ ಭೂಪಾಲನಿಗೆ ಗಂಡಾಂತರ ಬಂದದ್ದು ಒಂದು ಸರ್ಕಾರಿ ಫಾರ್ಮಿನಿಂದ. ಆಫೀಸಿನಲ್ಲಿ ಹೆಂಗಸರೆಷ್ಟು, ಅವರಿಗೆ ಕೊಟ್ಟ ಜವಾಬ್ದಾರಿ ಏನು ಎಂದು ಅದರಲ್ಲಿ ಕೇಳಿದ್ದರು. ಮ್ಯಾನೇಜರ್ ಬಾಬಾಸಾಹೇಬರು ಹಿಂದುಮುಂದು ನೋಡದೆ ‘ನಾಲ್ಕು’ ಎಂದು ಬರೆಸಿ ಕಳಿಸಿದ್ದರು. ಇದ್ದದ್ದು ಸೊನ್ನೆ. ಈಗ ಆ ನಾಲ್ವರನ್ನು ಕಣ್ಣಾರೆ ನೋಡಲು ಇವತ್ತೇ ಮೂರು ಗಂಟೆಗೆ ಬೆಂಗಳೂರಿನ ಸಾಹೇಬರು ಬರುವವರಿದ್ದರು.

“ಭೂಪಾಲ, ನಾಕ್ ಮಂದಿ ಹೆಣ್ಮಕ್ಕಳನ್ನ ತಂದು ಕುರ್ಚಿ ಮ್ಯಾಲ ಕುಂಡ್ರಸು. ಹೆಡ್ ಕ್ಲಾರ್ಕ್ ಜಾಗಾ ಖಾಲಿ ಐತಿ, ನಿಂದ ಅಂತ ತಿಳ್ಕೊ,” ಎಂದರು ಬಾಬಾಸಾಹೇಬರು.

ಒಂಬತ್ತು ವರ್ಷದಿಂದ ಆ ಕುರ್ಚಿಯ ಕನಸು ಕಾಣುತ್ತಿದ್ದ ಭೂಪಾಲ ಸೈಕಲ್ ಹತ್ತಿ ಮನೆಗೆ ಓಡಿದ. ಹೆಂಡತಿ ಸುಗಂಧಾಳ ಕೈಕಾಲು ಹಿಡಿದ. ನೆರೆಮನೆಯ ಮೂವರು ಹೆಂಗಸರನ್ನೂ ಹೊರಡಿಸಿದ.

ಎರಡೂವರೆಗೆ ಆಫೀಸು ಮದುವೆಮನೆಯಂತಾಯಿತು. ಕೆಂಚವ್ವ ಮೇಜಿನ ಮೇಲೆ ಶೇಂಗಾ ಸುರಿದುಕೊಂಡು ಸುಲಿಯತೊಡಗಿದಳು. ಲಕ್ಷ್ಮಿಬಾಯಿ ಹಾಜರಿ ಪುಸ್ತಕವನ್ನೇ ದಿಂಬು ಮಾಡಿಕೊಂಡು ಗೊರಕೆ ಹೊಡೆದಳು. ಫೋನು ರಿಂಗಾದದ್ದೇ ಕಮಲಾಬಾಯಿ ಎತ್ತಿದಳು. ಸಾಂಗಲಿಯ ವ್ಯಾಪಾರಿ ಸಕ್ಕರೆ ಕೇಳಿದ.

“ನಮ್ಮನ್ಯಾಗ ಚಹಾಕ್ಕ ಸಕ್ರಿ ಇಲ್ಲ, ನಿಮಗೆಲ್ಲಿಂದ ಕೊಡೂದ್ರಿ!” ಎಂದು ಇಟ್ಟುಬಿಟ್ಟಳು.

ಭೂಪಾಲ ಬೆವರು ಒರೆಸಿಕೊಳ್ಳುವಷ್ಟರಲ್ಲಿ ಜೀಪು ಬಂತು.

ಸಾಹೇಬರು ನೇರವಾಗಿ ಸುಗಂಧಾಳ ಮುಂದೆ ನಿಂತರು. “ಏನಮ್ಮಾ, ಮೊದಲ ಪಾಳಿಯಲ್ಲಿ ಎಷ್ಟು ಜನ?”

“ನೂರಾ ನಲವತ್ರಿ. ಅದರಾಗ ಹನ್ನೆರಡು ಮಂದಿ ಹಾಜರಿ ಹಾಕಿ ತಮ್ಮ ಕಬ್ಬಿನ ಹೊಲಕ್ಕ ಹೋಗ್ತಾರ್ರಿ.”

ಗಂಡ ದಿನಾ ಊಟಕ್ಕೆ ಕೂತು ಗೊಣಗಿದ್ದೆಲ್ಲ ಅವಳಿಗೆ ಬಾಯಿಪಾಠವಾಗಿತ್ತು. ಬಾಬಾಸಾಹೇಬರ ಮುಖ ಸುಣ್ಣ ಬಳಿದ ಗೋಡೆಯಾಯಿತು. ಸಾಹೇಬರು ಮಾತ್ರ ಗಟ್ಟಿಯಾಗಿ ನಕ್ಕರು. “ಯಾವ ಕಾರ್ಖಾನೆಯಲ್ಲೂ ನನಗೆ ಇಷ್ಟು ನಿಜ ಯಾರೂ ಹೇಳಿಲ್ಲ!” ಆಮೇಲೆ ಭೂಪಾಲನತ್ತ ತಿರುಗಿದರು. “ಎರಡನೇ ಪಾಳಿಯಲ್ಲಿ ಎಷ್ಟ್ರೀ?”

ಭೂಪಾಲ ಲಕ್ಷ್ಮಿಬಾಯಿಯ ತಲೆಯಡಿಯಿಂದ ಹಾಜರಿ ಪುಸ್ತಕ ಎಳೆಯಲು ಹೋದ.

“ನೂರಾ ಹತ್ತ್ರಿ,” ಎಂದಳು ಸುಗಂಧಾ.

“ಮ್ಯಾನೇಜರೇ, ಇಂಥವರನ್ನ ಮೂಲೆಯಲ್ಲಿ ಕೂರಿಸಿದ್ದೀರಲ್ಲ! ಹೆಡ್ ಕ್ಲಾರ್ಕ್ ಜಾಗ ಖಾಲಿ ಇದೆಯಂತೆ. ಇವರಿಗೇ ಕೊಡಿ. ಆರ್ಡರ್ ನೋಡಿಯೇ ನಾನು ಹೊರಡೋದು.”

ಈ ಹೆಂಗಸರು ನೌಕರರೇ ಅಲ್ಲ ಎಂಬ ನಿಜ ಹೇಳಿದರೆ ತಮ್ಮ ಕುರ್ಚಿಯೇ ಹೋಗುವುದು ಬಾಬಾಸಾಹೇಬರಿಗೆ ಗೊತ್ತಿತ್ತು. ಆರ್ಡರ್ ಆಗಲೇ ಟೈಪಾಯಿತು. ಟೈಪು ಮಾಡಿದವನು ಭೂಪಾಲ.

ಜೀಪು ಹೋದ ಮೇಲೆ ಅವನು ಮೆಲ್ಲಗೆ ಹೆಂಡತಿಯ ಹತ್ತಿರ ಬಂದ. “ಎಲ್ಲಾ ಮುಗೀತಲ್ಲ, ನಡಿ ಮನಿಗೆ.”

ಸುಗಂಧಾ ಹಾಜರಿ ಪುಸ್ತಕದಿಂದ ತಲೆ ಎತ್ತಲಿಲ್ಲ. “ನೀವ್ ಮುಂದ ಹೋಗಿ ಅನ್ನಕ್ಕ ಇಡ್ರಿ, ನನಗ ಕೆಲಸ ಐತಿ. ನಾಳೆ ಮಾತ್ರ ತಡಾ ಮಾಡಬ್ಯಾಡ್ರಿ. ಹಾಜರಿ ತಗೊಳ್ಳಾಕಿ ನಾನ.”