ಕಂಪ್ಯೂಟರಿನ ತತ್ತಿಗೆ ಕಾವು

“ಆ ಹಸರ ತತ್ತಿ ಸಾಯಾಕ ಬಿಡಬ್ಯಾಡ್ರಿ.”

ನನ್ನ ಹೆಂಡತಿ ನನಗೆ ಹೇಳಿದ ಕಡೆಯ ಮಾತು ಇದು. ದವಾಖಾನೆಯಲ್ಲಿ, ಮುಂಜಾನೆ. ಆಮೇಲೆ ಅಕಿ ಮಾತಾಡಲಿಲ್ಲ.

ಬಾಜೂ ಕಾಟಿನ ಹೆಂಗಸು ಕೇಳಿಸಿಕೊಂಡಿದ್ದಳು. “ಊರಾಗ ಕೋಳಿ ಅದಾವೇನ್ರಿ?” ಅಂದಳು. ಇಲ್ಲ ಅಂದೆ. “ಹಂಗಾರ ಯಾವ ತತ್ತಿ?” ಅಂದಳು. “ಕಂಪ್ಯೂಟರಿನಾಗ ಐತ್ರಿ” ಅಂದೆ. ಆ ಹೆಂಗಸು ನರ್ಸಬಾಯಿಯನ್ನು ಕೈ ಮಾಡಿ ಕರೆದು, “ಇವರ್ನೂ ಒಂದೀಟ ನೋಡ್ರಿ” ಅಂದಳು.

ನಮ್ಮ ಬಾಳಿನಲ್ಲಿ ಇಂಥವು ಆಗುತ್ತಲೇ ಇರುತ್ತವೆ. ಅಳುವ ಹೊತ್ತಿಗೆ ಸರಿಯಾಗಿ ಯಾರೋ ಒಬ್ಬರು ಬಂದು ನಗಿಸಿ ಹೋಗುತ್ತಾರೆ. ನಾನು ನಾಲ್ಕನೇ ಇಯತ್ತೆ ಓದಿದವ. ಬೆಳಗಾವಿಯ ರವಿವಾರ ಪೇಟೆಯಲ್ಲಿ ಕಾಳಿನ ಅಂಗಡಿಯೊಂದರಲ್ಲಿ ಚೀಲ ತೂಗುವುದು ನನ್ನ ಕೆಲಸ. ಬರೆದು ರೂಢಿ ಇಲ್ಲ. ನೆನಪಾದ ಹಾಗೆ ಇಟ್ಟಿದ್ದೇನೆ.

೧. ಯಾವ ಕೋಳಿದು?

ನಾವು ಬೀಡಿ ಅನ್ನುವ ಊರಿನವರು. ಊರಲ್ಲಿ ಅಕಿ ಕೋಳಿ ಸಾಕಿದ್ದಳು. ಬೆಳಗಾವಿಗೆ ಬಂದ ಮೇಲೆ ಬಾಡಿಗೆ ಖೋಲಿ. ಕೋಳಿ ಇಡುವಂತಿಲ್ಲ. ಸುಮ್ಮನೆ ಕುಂತು ಏನು ಮಾಡಲಿ ಅಂತ ಪೇಟೆಯ ಹಿಂದಿನ ಗಲ್ಲಿಯಲ್ಲಿ ಒಂದು ಸೈಬರ್ ಕೆಫೆಯ ಕಸ ಹೊಡೆದು ನೆಲ ಒರೆಸುವ ಕೆಲಸ ಹಿಡಿದಳು. ಆಗ ಇಂಟರ್ನೆಟ್ ಅಂದರೆ ಅಂಗಡಿಗೆ ಹೋಗಿ ತಾಸಿನ ಲೆಕ್ಕದಲ್ಲಿ ಕುಂತು ನೋಡುವಂಥದ್ದು.

ಕೆಫೆ ನಡೆಸುವ ಬಾಯಿ ಮರಾಠಿ ಮನೆಯವಳು. ಕನ್ನಡ ನಮಗಿಂತ ಜೋರು. ಗಿರಾಕಿ ಬರುವ ಮೊದಲು ಅವಳು ಒಂದು ಆಟ ಆಡುತ್ತಿದ್ದಳು. ಪರದೇಶದ ಮಂದಿಯೂ ಆಡುವ ಆಟ. ಒಂದು ತತ್ತಿ ಆರಿಸಿಕೊಳ್ಳಬೇಕು. ಅದು ಒಡೆದು ಮರಿ ಆಗಬೇಕು. ಮರಿ ದೊಡ್ಡದಾದ ಮೇಲೆ ಜೋಡಿ ಮಾಡಿ ಮತ್ತೆ ತತ್ತಿ ಇಡಿಸಬೇಕು. ಅಷ್ಟೇ ಆಟ.

ತತ್ತಿ ಅಂದ ಮೇಲೆ ನಮ್ಮಾಕಿ ಕೈಯಲ್ಲಿನ ಕಸಬರಿಗೆ ನಿಂತಿತು.

“ಯಾವ ಕೋಳಿದರಿ ಅದು?”

“ಕೋಳಿದಲ್ಲ ಮಾವಶಿ. ಹಾವಿನಂಥಾ ಪ್ರಾಣಿದು. ರೆಕ್ಕಿ ಇರತಾವ.”

“ಹಾವಿಗೆ ರೆಕ್ಕಿ?”

“ಹೂಂ. ಬಾಯಾಗಿಂದ ಬೆಂಕಿ ಉಗುಳತೈತಿ. ಅಂಜಿಕಿ ಬರತೈತೇನು?”

ನಮ್ಮಾಕಿ ಸೆರಗಿಗೆ ಕೈ ಒರೆಸಿಕೊಂಡು ಕುರ್ಚಿ ಎಳೆದಳಂತೆ. “ಅಂಜಿಕಿ ಎಲ್ಲೀದು? ನಮ್ಮ ಅತ್ತೀನ್ನ ಹದಿನೆಂಟ ವರ್ಷ ಸಂಭಾಳಿಸೇನಿ. ಕೊಡ್ರಿ ಒಂದ.”

೨. ಲಜ್ಜೆಗೇಡಿ

ಬಾಯಿ ‘ಮಾವಶಿ’, ಅಂದರೆ ಮರಾಠಿಯಲ್ಲಿ ಚಿಕ್ಕಮ್ಮ, ಅಂತ ಹೆಸರು ಹಾಕಿ ಅಕಿಗೂ ಆಟದಲ್ಲಿ ಒಂದು ಗೂಡು ತೆಗೆದುಕೊಟ್ಟಳು. ಅಕಿ ಮೂರು ತತ್ತಿ ಆರಿಸಿಕೊಂಡಳು. ಕಾವಿಗೆ ಇಡುವಾಗ ತತ್ತಿ ಬೆಸ ಇರಬೇಕು. ಇದು ನಮ್ಮ ಕಡೆಯ ಪದ್ಧತಿ.

ಇನ್ನೂ ಒಂದು ಪದ್ಧತಿ ಇದೆ. ಕಾವಿಗೆ ಕುಂತ ಕೋಳಿಯನ್ನು ಯಾರಿಗೂ ತೋರಿಸಬಾರದು. ಕಣ್ಣು ಬಿದ್ದರೆ ತತ್ತಿ ಕೆಡುತ್ತವೆ. ಬುಟ್ಟಿ ಕತ್ತಲ ಮೂಲೆಯಲ್ಲಿ, ಮೇಲೆ ಗೋಣಿತಟ್ಟು. ಗುಡುಗಿಗೆ ಕೆಡದ ಹಾಗೆ ಬುಟ್ಟಿಯಲ್ಲಿ ಒಂದು ಮೊಳೆ, ಒಂದು ಇದ್ದಲಿ ಚೂರು.

ಅಕಿ ಎಲ್ಲವನ್ನೂ ಮಾಡಿದಳು. ಕಂಪ್ಯೂಟರಿನ ಹಿಂದೆ ಮೊಳೆ ಇಟ್ಟಳು. ಇದ್ದಲಿ ಇಟ್ಟಳು. ಪರದೆಯ ಮೇಲೆ ಒಗೆದ ಅರಿವೆ ಹೊಚ್ಚಿ ನಾಲ್ಕೂ ಕಡೆ ಪಿನ್ನು ಹಾಕಿದಳು. ಗಿರಾಕಿಗಳು ಆ ಕಂಪ್ಯೂಟರ್ ಕೆಟ್ಟಿದೆ ಅಂತ ಬಾಜುವಿನದಕ್ಕೆ ಕುಂತರು. ಬಾಯಿಯೂ ಹಾಗೇ ತಿಳಿದು ರಿಪೇರಿಯವನಿಗೆ ಹೇಳಿ ಕಳಿಸಿದಳು.

ಹದಿನೈದು ದಿನಕ್ಕೆ ಮೂರೂ ತತ್ತಿ ಸತ್ತವು.

ಅವತ್ತು ಅಕಿ ಉಣ್ಣಲಿಲ್ಲ. ನನಗೆ ನಗು ಬಂತು. ನಗಬಾರದಿತ್ತು. ನಮಗೆ ಮಕ್ಕಳಿಲ್ಲ. ಇದನ್ನು ಒಮ್ಮೆ ಹೇಳಿ ಬಿಡುತ್ತೇನೆ, ಮತ್ತೆ ಹೇಳುವುದಿಲ್ಲ.

ಮರುದಿನ ಬಾಯಿಗೆ ಅರಿವೆಯ ಸುದ್ದಿ ತಿಳಿಯಿತು. ಹಣೆ ಹಣೆ ಬಡಿದುಕೊಂಡಳು. “ಮಾವಶಿ, ಈ ಆಟದಾಗ ಉಲ್ಟಾ ಐತಿ! ಮಂದಿ ತೆಗದು ನೋಡಬೇಕು. ಎಷ್ಟ ಮಂದಿ ನೋಡತಾರ ಅಷ್ಟ ಕಾವು. ಹದಿನೈದ ದಿನದಾಗ ಸಾಕಷ್ಟ ಮಂದಿ ನೋಡಲಿಲ್ಲಂದ್ರ ಸಾಯತಾವ.”

ನಮ್ಮಾಕಿ ಅರಿವೆ ಮಡಚುತ್ತ ಅಂದಳಂತೆ: “ಮಂದಿ ಮುಂದ ಕಣ್ಣ ಬಿಡತಾವ? ಎಂಥಾ ಲಜ್ಜಿಗೇಡಿ ತತ್ತಿರೀ ಇವು!”

೩. ಹನ್ನೊಂದು ಜನ

ಆಮೇಲೆ ಅಕಿ ಕಲಿತಳು. ಮರಿ ಮಾಡಿದಳು, ಜೋಡಿ ಮಾಡಿದಳು. ಮನೆಗೆ ಬಂದು ನನಗೆ ಹೇಳುತ್ತಿದ್ದಳು, ಕೆಂಪಂದು ರೆಕ್ಕೆ ಬಿಚ್ಚಿತು, ಕರೀದು ಸಿಟ್ಟಿನದು. ನಾನು ರೊಟ್ಟಿ ತಿನ್ನುತ್ತ ಹೂಂ ಅನ್ನುತ್ತಿದ್ದೆ. ಅರ್ಧ ಕೇಳುತ್ತಿದ್ದೆ. ಕಡೆಗೆ ತನ್ನದೇ ಜೋಡಿಯಿಂದ ಒಂದು ಹಸಿರು ತತ್ತಿ ಇಡಿಸಿದಳು. ಆ ವಾರವೇ ಹಾಸಿಗೆ ಹಿಡಿದಳು. ತತ್ತಿ ಇಡಿಸಿದ ಎಂಟನೇ ದಿನ ಹೋದಳು.

ಮೂರನೇ ದಿನದ ಕಾರ್ಯ ಮುಗಿಸಿ ನಾನು ಕೆಫೆಗೆ ಹೋದೆ. ಬಾಯಿ ಕಣ್ಣು ಒರೆಸಿಕೊಂಡು ಕಂಪ್ಯೂಟರಿನಲ್ಲಿ ತೋರಿಸಿದಳು. ತತ್ತಿ ಹಾಗೇ ಇತ್ತು. “ನಾಕ ದಿನಾ ಉಳದಾವ ಕಾಕಾ. ಆಟದಾಗಿನ ಮಂದಿ ನೋಡಿದ್ರು. ಒಮ್ಮಿ ನೋಡಿದವರದು ಮತ್ತ ಹಿಡಿಯೂದಿಲ್ಲ. ಹೊಸಬರು ನೋಡಬೇಕು.”

ಹೊಸಬರು. ನಾನು ಮನೆಗೆ ಹೋದೆ. ಕಾರ್ಯಕ್ಕೆ ಬಂದ ಬೀಗರು ಇನ್ನೂ ಇದ್ದರು. ಪೇಟೆಯ ಹಮಾಲರೂ ಬಂದಿದ್ದರು. “ಅಕಿದೊಂದ ಆಶಾ ಐತಿ, ನಡೀರಿ” ಅಂದೆ. ಯಾಕೆ, ಏನು ಅಂತ ಒಬ್ಬರೂ ಕೇಳಲಿಲ್ಲ. ಹನ್ನೊಂದು ಜನ ಹೊರಟರು.

ಕೆಫೆಯ ಬಾಗಿಲಲ್ಲಿ ಅಕಿಯ ತಮ್ಮ ಚಪ್ಪಲಿ ಬಿಟ್ಟ. ಅವನನ್ನು ನೋಡಿ ಎಲ್ಲರೂ ಬಿಟ್ಟರು. ಸಾಲಾಗಿ ಒಳಗೆ ಬಂದು ಒಬ್ಬೊಬ್ಬರೇ ತತ್ತಿ ನೋಡಿದರು. ಹಮಾಲರ ಹಿರಿಯ ಕೈ ಮುಗಿದ. ಒಬ್ಬ ಅಜ್ಜಿ ಪರದೆಗೆ ದೃಷ್ಟಿ ತೆಗೆದು ನೆಟಿಗೆ ಮುರಿದಳು.

ಎಲ್ಲಾ ಮುಗಿದ ಮೇಲೆ ನಾನು ಕೇಳಿದೆ, “ಈಗ ಹನ್ನೊಂದ ಆತಲ್ರಿ?”

ಬಾಯಿಗೆ ಹೇಳಲಿಕ್ಕೂ ಆಗದು, ಬಿಡಲಿಕ್ಕೂ ಆಗದು. “ಕಾಕಾ, ಅದಕ್ಕ ಮಂದಿ ಕಾಣಂಗಿಲ್ಲ. ಈ ಅಂಗಡೀದು ಎಲ್ಲಾ ಕೂಡಿ ಒಂದs ನೋಟ. ಅದು ಮಾವಶಿ ಇದ್ದಾಗs ಹಿಡದೈತಿ. ಬ್ಯಾರೆ ಬ್ಯಾರೆ ಜಾಗಾದಿಂದ ನೋಡಬೇಕು.”

ಆಮೇಲೆ ಅಕಿಯ ತಮ್ಮ ಮೆಲ್ಲಗೆ, “ಹಂಗಾರ ಚಪ್ಪಲ ಹಾಕ್ಕೊಂಡs ನೋಡಬಹುದಿತ್ತಲ್ಲ ಮಾವಾ” ಅಂದ.

೪. ಖಾನಾಪುರದಲ್ಲಿ ನಿಕಾಲ

ಬಾಯಿ ಒಂದು ಚೀಟಿಯಲ್ಲಿ ಇಂಗ್ಲಿಷಿನಲ್ಲಿ ತತ್ತಿಯ ವಿಳಾಸ ಬರೆದುಕೊಟ್ಟಳು. “ಎಲ್ಲಿ ಕಂಪ್ಯೂಟರ್ ಕಂಡರೂ ಇದನ್ನ ಕೊಡ್ರಿ. ತೆಗದು ತೋರಸ್ತಾರ.” ಮಾರನೆ ದಿನ ಪೂರಾ ಬೆಳಗಾವಿಯಲ್ಲಿ ಕಾಲು ನಡೆದಷ್ಟು ಕೆಫೆ ಮುಗಿಸಿದೆ. ಸಾಲಲಿಲ್ಲ. ಮರುದಿನ ಖಾನಾಪುರದ ಬಸ್ಸು ಹತ್ತಿದೆ.

ಸ್ಟ್ಯಾಂಡಿನ ಹತ್ತಿರ ಒಂದು ಅಂಗಡಿ. ಒಳಗೆ ಗದ್ದಲವೋ ಗದ್ದಲ. ಅವತ್ತು ಪರೀಕ್ಷೆಯ ನಿಕಾಲ, ರಿಜಲ್ಟಿನ ದಿನ. ಶಾಲೆಗೆ ಹೋಗುವ ಮಕ್ಕಳ ತಾಯಿ ತಂದೆ ಎಲ್ಲಾ ನಂಬರಿನ ಚೀಟಿ ಹಿಡಿದು ನಿಂತಿದ್ದರು. ನಾನೂ ನನ್ನ ಚೀಟಿ ಹಿಡಿದು ನಿಂತೆ. ಮುಂದಿನವರು ಒಬ್ಬೊಬ್ಬರೇ ನಗುತ್ತ, ಅಳುತ್ತ ಹೊರಬಿದ್ದರು.

ನನ್ನ ಪಾಳಿ ಬಂತು. ಅಂಗಡಿಯವ ಚೀಟಿ ತಗೊಂಡ. “ಕೋಣಾಚಾ? ಯಾರದು, ಮಗಂದೋ ಮಗಳದೋ?”

“ಹೆಂಡತೀದು.”

ತಲೆ ಎತ್ತಿ ನನ್ನ ಬಿಳಿ ಕೂದಲು ನೋಡಿದ. “ಶಾಬಾಸ್ ಕಾಕಾ. ಈ ವಯಸ್ಸಿನ್ಯಾಗ ಓದಸಾಕತ್ತೀರಿ.” ಹಿಂದೆ ನಿಂತವರೂ ಶಾಬಾಸ್ ಅಂದರು. ನನಗೆ ಬಿಡಿಸಿ ಹೇಳಲು ಬರಲಿಲ್ಲ.

ಅವ ಟಕಟಕ ಒತ್ತಿದ. ಪರದೆ ತೆರೆಯಿತು. ನಟ್ಟನಡುವೆ ಉರುಟಾಗಿ ತತ್ತಿ. ಮತ್ತೇನೂ ಇಲ್ಲ.

ಅಂಗಡಿಯವನ ಮುಖ ಸಣ್ಣದಾಯಿತು. ಎದ್ದು ನನ್ನ ಹೆಗಲ ಮೇಲೆ ಕೈ ಇಟ್ಟ. “ಕಾಕಾ, ಬೇಜಾರ ಮಾಡ್ಕೋಬ್ಯಾಡ್ರಿ. ಸೊನ್ನಿ ಬಿದ್ದೈತಿ. ಮನ್ಯಾಗ ಹೋಗಿ ಅವರಿಗೆ ಬೈಬ್ಯಾಡ್ರಿ ಮತ್ತ.”

ಬೈಯುವುದಿಲ್ಲ ಅಂದೆ.

೫. ಲೋಂಡಾದ ಗಾಡಿ

ಅಲ್ಲಿಂದ ರೈಲಿನಲ್ಲಿ ಲೋಂಡಾ. ಟೇಸನ್ನಿನ ಹೊರಗೆ ಝೆರಾಕ್ಸ್ ಅಂಗಡಿ, ಒಂದೇ ಕಂಪ್ಯೂಟರ್. ಹೋದಾಗ ಕರೆಂಟ್ ಇಲ್ಲ. ಅಡವಿ ಊರು, ಕರೆಂಟ್ ತನ್ನ ಮನಸ್ಸಿಗೆ ಬಂದಾಗ ಬರುತ್ತದೆ. ಬೆಂಚಿನ ಮೇಲೆ ಕುಂತೆ. ಹದಿನೈದರಲ್ಲಿ ಹದಿಮೂರು ದಿನ ಮುಗಿದಿದ್ದವು. ಕುಂತಲ್ಲಿ ಯೋಚನೆ ಬಂತು. ಅಕಿ ಇದ್ದಾಗ ಆ ಕೆಫೆಯ ಮುಂದೆ ದಿನಾ ಎರಡು ಸಲ ಹಾದು ಹೋಗುತ್ತಿದ್ದೆ. ಒಮ್ಮೆಯೂ ಒಳಗೆ ಹೋಗಿ ಅಕಿಯ ತತ್ತಿ ನೋಡಲಿಲ್ಲ. ಒಂದು ನೋಟ ನನ್ನದೂ ಬಾಕಿ ಇತ್ತು.

ಸಂಜೆಯ ಗಾಡಿ ಬರುವ ಹೊತ್ತಿಗೆ ಕರೆಂಟ್ ಬಂತು. ಅಂಗಡಿಯವ ಚೀಟಿ ನೋಡಿ ಒತ್ತಿದ. ಫೋನಿನ ತಂತಿಯ ಇಂಟರ್ನೆಟ್ಟು. ಚಿತ್ರ ಒಂದೊಂದೇ ಗೆರೆ ಇಳಿಯತೊಡಗಿತು. ಮೊದಲು ತತ್ತಿಯ ನೆತ್ತಿ. ಹೊರಗೆ ಗಾಡಿ ಕೂಗಿತು.

“ಗಾಡಿ ಬಂತ್ರಿ, ಹೋಗ್ರಿ.”

“ತತ್ತಿ ಪೂರಾ ಬಂದಿಲ್ಲ.”

ಗಾಡಿ ನಿಂತಿತು. ಅರ್ಧ ತತ್ತಿ ಬಂತು. ಗಾಡಿ ಹೊರಟಿತು. ಮುಕ್ಕಾಲು ತತ್ತಿ. ಅಲ್ಲಿ, ಹೊಟ್ಟೆಯ ಬಾಜು, ಕೂದಲಿನಂಥ ಒಂದು ಬಿರುಕು.

ನಾನು ಎದ್ದು ನಿಂತೆ. ಗಾಡಿ ಹೋಗಿತ್ತು.

ಟಿಕೆಟ್ ಕಿಟಕಿಗೆ ಹೋಗಿ ಮುಂದಿನ ಗಾಡಿ ಕೇಳಿದೆ. ಒಳಗಿದ್ದವ, “ಈಗ ನಿಮ್ಮ ಮುಂದs ಹೋತಲ್ರಿ, ಎಲ್ಲಿದ್ರಿ?” ಅಂದ.

“ತತ್ತಿ ನೋಡಾಕತ್ತಿದ್ನಿರಿ.”

“ಕುದಿಸಿದ್ದೋ, ಆಮ್ಲೆಟ್ಟೋ?”

“ಬಿರುಕು ಬಿಟ್ಟದ್ದರಿ.”

ಅವ ಟಿಕೆಟ್ ಕೊಡುತ್ತ ಕಾಳಜಿಯಿಂದ ಹೇಳಿದ: “ಹಂಗಾರ ತಿನಬ್ಯಾಡ್ರಿ. ಹೊಟ್ಟಿ ಕೆಡತೈತಿ.”

೬. ಹೆಸರು

ಮರುದಿನ ಮಧ್ಯಾಹ್ನ ಕೆಫೆಗೆ ಹೋದೆ. ಬಾಯಿ ಬಾಗಿಲಲ್ಲೇ ನಿಂತಿದ್ದಳು. ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು.

ಮರಿ. ಹಸಿರು, ಹೆಬ್ಬೆರಳಿನಷ್ಟು. ಒಂದು ಕಣ್ಣು ತೆರೆದಿತ್ತು.

ನನಗೆ ಕುಂಡ್ರಬೇಕು ಅನ್ನಿಸಿತು. ಕುಂತೆ. ಬಾಯಿ ನೀರು ಕೊಟ್ಟಳು. ಆಮೇಲೆ, “ಮರಿಗೆ ಹೆಸರ ಇಡಬೇಕು ಕಾಕಾ. ಮಾವಶಿ ಹೆಸರs ಇಡೂಣು. ಏನ ಅವರ ಹೆಸರು?” ಅಂದಳು.

ಮೂವತ್ತೊಂದು ವರ್ಷದಲ್ಲಿ ನಾನು ಅಕಿಯ ಹೆಸರು ಕರೆದಿಲ್ಲ. ‘ಏ’ ಅನ್ನುತ್ತಿದ್ದೆ. ‘ಕೇಳೀಯೇನ’ ಅನ್ನುತ್ತಿದ್ದೆ. ನಮ್ಮ ಕಡೆ ಗಂಡ ಹೆಂಡತಿ ಹೆಸರು ಹಿಡಿದು ಕರೆಯುವುದಿಲ್ಲ. ಕಿಸೆಯಿಂದ ರೇಶನ್ ಕಾರ್ಡ್ ತೆಗೆದು ಮುಂದಿಟ್ಟೆ. ಬಾಯಿ ಓದಿದಳು. ಒತ್ತಿದಳು.

ಕಂಪ್ಯೂಟರ್ ಕೆಂಪು ಅಕ್ಷರದಲ್ಲಿ ಏನೋ ಅಂದಿತು.

“ಈ ಹೆಸರು ಬ್ಯಾರೆ ಯಾರೋ ತಮ್ಮ ಮರಿಗೆ ಇಟ್ಟಾರಂತ ಕಾಕಾ. ಒಂದs ಹೆಸರು ಎರಡ ಸಲ ಕೊಡಂಗಿಲ್ಲ. ಮುಂದ ಎರಡು ಅಂತ ಹಾಕಲೇನು? ಎರಡನೇದು ಅಂದಂಗ?”

“ಬ್ಯಾಡ್ರಿ!” ಅಂದೆ. ಅಷ್ಟು ಜೋರಾಗಿ ನಾನು ಎಂದೂ ಮಾತಾಡಿದವನಲ್ಲ. “ಅಕಿ ಹೋಗಿ ವಾರ ಆಗಿಲ್ಲ. ಎರಡನೇದು ಬಂತು ಅಂತ ಅಕಿಗೆ ಗೊತ್ತಾದ್ರ ನನ್ನ ಬಿಡತಾಳೇನು?”

ಬಾಯಿ ನಕ್ಕಳು. ನಾನೂ ನಕ್ಕೆ. ನಗುತ್ತ ನಗುತ್ತ ನನ್ನ ನಗು ಎಲ್ಲೋ ತಪ್ಪಿತು. ಅವಳು ಮುಖ ಆ ಕಡೆ ತಿರುಗಿಸಿ, ಒರೆಸಿದ ಟೇಬಲ್ಲನ್ನೇ ಮತ್ತೆ ಒರೆಸಿದಳು. ಮರಿಗೆ ಹೆಸರು ಇಡಲಿಲ್ಲ.

ಮನೆಗೆ ಬಂದೆ. ಆ ಹೆಸರು ಎಲ್ಲೋ ಪರದೇಶದಲ್ಲಿ ಯಾರೋ ಸಲೀಸಾಗಿ ಕರೆಯುತ್ತಿದ್ದಾರೆ. ಕರೆಯಬೇಕಾದವ ನಾನು ಕರೆದಿಲ್ಲ. ಅದೇ ತಲೆಯಲ್ಲಿ ತಿರುಗಿತು.

ಮರುದಿನ ಮುಂಜಾನೆ ಚಹಕ್ಕೆ ನೀರಿಟ್ಟೆ. ಬಾಗಿಲು ತೆರೆದೆ. ಓಣಿಯಲ್ಲಿ ಯಾರೂ ಇರಲಿಲ್ಲ. ಎದೆ ಗಟ್ಟಿ ಮಾಡಿ ಅಕಿಯ ಹೆಸರು ಹಿಡಿದು ಕೂಗಿದೆ. ಒಂದೇ ಸಲ. ಜೋರಾಗಿ.

“ಓ!” ಅಂತು ಎದುರು ಮನೆ.

“ಬಂದ್ನಿರಿ!” ಅಂತು ಬಾಜೂ ಮನೆ.

ನಳದ ಹತ್ತಿರದ ಮನೆಯಿಂದ ಮೂರನೆಯವಳು ಸೆರಗು ಸಿಗಿಸಿಕೊಳ್ಳುತ್ತ ಹೊರಗೆ ಬಂದಳು. ಆ ಹೆಸರಿನವರು ನಮ್ಮ ಓಣಿಯಲ್ಲೇ ಮೂವರು. ಇಷ್ಟು ವರ್ಷ ಯಾರ ಹೆಸರನ್ನೂ ಕರೆಯದ ನನಗೆ ಅದು ಗೊತ್ತಿರಲಿಲ್ಲ.

“ಯಾಕ್ರಿ ಅಣ್ಣಾ, ಕರದ್ರಿ?” ಅಂದರು ಮೂವರೂ.

ನಾನು ಬಾಗಿಲು ಬಿಟ್ಟು ಬಾಜು ಸರಿದೆ. “ಬರ್ರಿ, ಕುಂದರ್ರಿ” ಅಂದು ಒಳಗೆ ಹೋಗಿ ಒಲೆಯ ಮೇಲಿನ ಪಾತ್ರೆಗೆ ಇನ್ನೂ ಮೂರು ಕಪ್ಪು ನೀರು ಹಾಕಿದೆ.