ಐದಕ್ಕೆ ಐದು

ಹೊನ್ನಕ್ಕನ ರವಿಕೆಗೆ ಮೂರು ತೋಳು ಬಂದದ್ದರಿಂದ ಇಷ್ಟೆಲ್ಲ ಶುರುವಾಯಿತು.

ಕೊಪ್ಪ ಬಸ್‌ಸ್ಟ್ಯಾಂಡಿನ ಹಿಂದಿರುವ ಟೈಲರ್ ಮಹಮ್ಮದ್ ಶಫಿಗೆ ಹೋದ ವರ್ಷದ ಜ್ವರ ಬಿಟ್ಟಿತ್ತು, ಸುಸ್ತು ಬಿಟ್ಟಿರಲಿಲ್ಲ. ಒಂದು ಗುಂಡಿ ಹೊಲಿಯುವಷ್ಟರಲ್ಲಿ ಮೈ ನೆನೆದ ಕಂಬಳಿಯಂತೆ ಭಾರ. ತಲೆಯೊಳಗೆ ಮಂಜು ಇಳಿದು, ಎಷ್ಟು ತೋಳು ಹಚ್ಚಿದೆನೆಂಬುದೇ ಮರೆತುಹೋಗುತ್ತಿತ್ತು.

"ಮೂರನೇ ಕೈ ಎಲ್ಲಿಂದ ತರ್ಲಿ ಮಾರಾಯ?" ಎಂದಳು ಹೊನ್ನಕ್ಕ.

"ಕಾಯಿಲೆನೂ ಇಲ್ಲ, ಎಂತದೂ ಇಲ್ಲ. ಬರೀ ಸೋಮಾರಿತನ," ಎಂದಳು ಹೆಂಡತಿ ಗುಲ್ಜಾರ್ ಬೇಗಂ.

ಊರಿನ ಕ್ಲಿನಿಕ್ಕಿಗೆ ತಿಂಗಳಿಗೊಮ್ಮೆ ಬರುವ ನರರೋಗದ ಡಾಕ್ಟರು ಅಂದು ಬಂದಿದ್ದರು. ಇದು ಕಾಯಿಲೆಯೇ ಎಂದು ಅವರೊಂದು ಚೀಟಿ ಬರೆದುಕೊಟ್ಟರೆ ಸಾಕು, ಮಧ್ಯಾಹ್ನ ಒಂದು ಗಂಟೆ ಬೈಗುಳವಿಲ್ಲದೆ ಮಲಗಬಹುದು. ಶಫಿ ಕಂಕುಳಲ್ಲಿ ಕೊಡೆ ಸಿಕ್ಕಿಸಿಕೊಂಡು ಒಬ್ಬನೇ ಹೊರಟ. ಕ್ಲಿನಿಕ್ ಮುಟ್ಟುವಾಗ ಹಿಂದೆ ಹೆಂಡತಿ, ಹೊನ್ನಕ್ಕ, ಪಕ್ಕದ ಪಾತ್ರೆ ಅಂಗಡಿಯ ತಿಮ್ಮಣ್ಣ, ಹೀಗೆ ಒಂದು ದಿಬ್ಬಣವೇ ಇತ್ತು.

"ಐದು ಪದ ನೆನಪಿಟ್ಕೊಳ್ಳಿ. ಆನೆ, ಕೊಡೆ, ಬಾವಿ, ಬಳೆ, ಬೆಕ್ಕು," ಎಂದರು ಡಾಕ್ಟರು. ಬಿಪಿ ನೋಡಿದರು, ನಾಲಿಗೆ ನೋಡಿದರು. ಆಮೇಲೆ, "ಈಗ ಹೇಳಿ."

ಶಫಿಯ ತಲೆ ತೊಳೆದು ಕವುಚಿಟ್ಟ ಪಾತ್ರೆ. ಒಂದೂ ಇಲ್ಲ! ಅವನಿಗೆ ಖುಷಿಯೇ ಆಯಿತು. ಅಂತೂ ಸಾಕ್ಷಿ ಸಿಕ್ಕಿತು.

ಪರದೆಯಾಚೆ ಗುಲ್ಜಾರ್ ಬೇಗಂ ಚಡಪಡಿಸಿದಳು. "ಯಾ ಅಲ್ಲಾ, ಫೇಲಾಗ್ತಾರೆ! ಊರಲ್ಲಿ ಮುಖ ತೋರ್ಸೋದು ಹೆಂಗೆ?"

"ನಾವಿಲ್ವಾ?" ಎಂದ ತಿಮ್ಮಣ್ಣ ಡಾಕ್ಟರ ಬೆನ್ನ ಹಿಂದಿನ ಕಿಟಕಿಗೆ ಹೋಗಿ, ಮೂಗಿನ ಮುಂದೆ ತೋಳು ತೂಗಾಡಿಸಿದ.

"ಆನೆ," ಎಂದುಬಿಟ್ಟಿತು ಶಫಿಯ ಬಾಯಿ, ಅವನನ್ನು ಕೇಳದೆಯೇ.

ಹೆಂಗಸರಿಬ್ಬರೂ ಕಿಟಕಿಗೆ ಓಡಿದರು. ಗುಲ್ಜಾರ್ ತಲೆಯ ಮೇಲೆ ಸೆರಗು ಅರಳಿಸಿ ಹಿಡಿದಳು. "ಕೊಡೆ." ಹೊನ್ನಕ್ಕ ಗಾಳಿಯಲ್ಲೇ ನೀರು ಸೇದಿದಳು, ಕೈ ಕುಣಿಸಿದಳು. "ಬಾವಿ... ಬಳೆ."

ತಿಮ್ಮಣ್ಣ ಕಿಟಕಿಯ ಕೆಳಗೆ ಕೂತು "ಮಿಯಾಂವ್" ಎಂದ.

ಡಾಕ್ಟರು ಬೆಚ್ಚಿ ತಿರುಗಿದರು. "ಇಲ್ಲೆಲ್ಲಿಂದ ಬಂತು ಬೆಕ್ಕು?"

"ಬೆಕ್ಕು," ಎಂದ ಶಫಿ.

"ಐದಕ್ಕೆ ಐದು! ನಂಗೇ ಇಷ್ಟು ನೆನಪಿರಲ್ಲ," ಎಂದು ಡಾಕ್ಟರು 'ಜ್ಞಾಪಕಶಕ್ತಿ ಅತ್ಯುತ್ತಮ' ಎಂದು ಬರೆದು ಸಹಿ ಹಾಕಿದರು.

"ಸಾರ್, ಅದು... ಅದೇನಾಯ್ತು ಅಂದ್ರೆ..."

"ಏನಾಯ್ತು?"

ಏನು ಹೇಳಹೊರಟಿದ್ದೆನೆಂಬುದು ಶಫಿಗೆ ಮರೆತುಹೋಗಿತ್ತು.

ದಿಬ್ಬಣ ಗೆದ್ದು ಮರಳಿತು. ಬಸ್‌ಸ್ಟ್ಯಾಂಡ್ ಹತ್ತಿರ ನಾಲ್ಕು ಹನಿ ಬಿತ್ತು.

"ಕೊಡೆ ಎಲ್ಲಿ?" ಎಂದಳು ಗುಲ್ಜಾರ್.

ಶಫಿ ಕಂಕುಳು ಮುಟ್ಟಿಕೊಂಡ. "ಕ್ಲಿನಿಕ್‌ನಲ್ಲಿ... ಮರ್ತೋಯ್ತು."

ಅವಳು ಚೀಟಿಯನ್ನು ಅವನ ಮೂಗಿಗೆ ಹಿಡಿದಳು. "ಐದಕ್ಕೆ ಐದು ತಗೊಂಡೋರಿಗೆ ಮರೆವಾ? ಬೇಕಂತಲೇ ಬಿಟ್ಟು ಬಂದಿದ್ದೀರಿ!"

ಹೊನ್ನಕ್ಕ ನಿಂತಲ್ಲೇ ನಿಂತಳು. "ಹಂಗಾರೆ ನನ್ನ ರವಿಕೆಗೆ ಮೂರನೇ ತೋಳೂ ಬೇಕಂತಲೇ ಹಚ್ಚಿದ್ದಾ?"